ಜೋಳದ ಪಾಳಿ ಮತ್ತು ಕಾರಣದ ಹೊಣೆ: ‘ಏಕ ಧರ್ಮಯುದ್ಧ’ದ ಒಂದು ಕನ್ನಡ ಓದು

ಮಹಾದೇವ ದೇಸಾಯಿಯವರ ‘ಏಕ ಧರ್ಮಯುದ್ಧ’ ಗುಜರಾತಿ ಗದ್ಯದ ಒಂದು ಚಿಕ್ಕ ಹೊತ್ತಗೆ. ೧೯೧೮ನೆಯ ಇಸವಿಯ ಫೆಬ್ರುವರಿ-ಮಾರ್ಚ್ ತಿಂಗಳುಗಳಲ್ಲಿ ಅಹಮದಾಬಾದಿನ ಬಟ್ಟೆ ಗಿರಣಿಗಳ ನೇಕಾರರು ನಡೆಸಿದ ಹೋರಾಟದ ವೃತ್ತಾಂತವೇ ಅದರ ವಸ್ತು. ನವಜೀವನ ಪ್ರಕಾಶನವು ೧೯೫೧ರಲ್ಲಿ ಅದರ ಇಂಗ್ಲಿಷ್ ಅನುವಾದವನ್ನು ಹೊರತಂದ ಮೇಲೆ ಗುಜರಾತಿ ಬಾರದ ವಾಚಕರಿಗೂ ಅದು ಕೈಗೆಟುಕುವಂತಾಯಿತು. ಸಾಮಾನ್ಯವಾಗಿ ಇದನ್ನು ಗಾಂಧೀಜಿಯವರ ಜೀವನಚರಿತ್ರೆಯ ಒಂದು ಅಧ್ಯಾಯವೆಂದು ಓದುವುದು ವಾಡಿಕೆ. ಸಾರ್ವಜನಿಕ ಕಾರಣಕ್ಕಾಗಿ ಅವರು ಭಾರತದಲ್ಲಿ ಕೈಕೊಂಡ ಮೊದಲ ಉಪವಾಸ ಈ ಸಂದರ್ಭದ್ದೇ ಆಗಿದೆ. ಎರಿಕ್ ಎರಿಕ್ಸನ್ ಎಂಬ ಮನಶ್ಶಾಸ್ತ್ರಜ್ಞನು ೧೯೬೯ರಲ್ಲಿ ಪ್ರಕಟಿಸಿದ ‘ಗಾಂಧೀಸ್ ಟ್ರೂತ್’ ಎಂಬ ಗ್ರಂಥವು ಇದೇ ಪ್ರಸಂಗವನ್ನು ನಡುವೆ ಇಟ್ಟುಕೊಂಡು ಗಾಂಧೀಜಿಯವರ ಅಂತರಂಗವನ್ನು ಶೋಧಿಸಿತು. ಪ್ರಕೃತ ಲೇಖನದ ಉದ್ದೇಶ ಇವೆರಡಕ್ಕಿಂತಲೂ ಬೇರೆ. ಕೆಲಸ ಕೊಟ್ಟವನು ಕೆಲಸ ಮಾಡುವವನಿಗೆ ತನ್ನ ನಡತೆಯ ಕಾರಣವನ್ನು ಹೇಳಲು ಬದ್ಧನೆ? ಬದ್ಧನಾಗಿದ್ದರೆ ಆ ಕಾರಣವನ್ನು ತೂಗಿ ನೋಡುವವರು ಯಾರು? ಈ ಎರಡು ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದು ಆ ಹೊತ್ತಗೆಯನ್ನು ಓದುವುದೂ, ಅದರ ಬೆಳಕಿನಲ್ಲಿ ನಮ್ಮ ಸಾಹಿತ್ಯವು ಸೇವಕನನ್ನು ಕುರಿತು ಏನು ನುಡಿದಿದೆ, ಏನನ್ನು ನುಡಿಯದೆ ಬಿಟ್ಟಿದೆ ಎಂಬುದನ್ನು ಪರಿಶೀಲಿಸುವುದೂ ಇಲ್ಲಿಯ ಪ್ರಯತ್ನ.

ಮೊದಲು ನಮ್ಮ ಮನೆಯ ವಿಚಾರ. ಹಳಗನ್ನಡದಲ್ಲಿ ‘ಜೋಳದ ಪಾಳಿ’ ಅಥವಾ ‘ಜೋಳವಾಳಿ’ ಎಂಬ ಒಂದು ಮಾತಿದೆ. ಒಡೆಯನ ಜೋಳವನ್ನುಂಡ ಭಟನು ಆ ಅನ್ನಕ್ಕೆ ತಕ್ಕಂತೆ ಕಾದಿ ಋಣವನ್ನು ತೀರಿಸಬೇಕೆಂಬುದು ಅದರ ತಾತ್ಪರ್ಯ. ಅದಕ್ಕಿಂತ ಒಂದು ಹೆಜ್ಜೆ ಮುಂದಿನದು ‘ವೇಳೆವಾಳಿ’. ಒಡೆಯನು ಮಡಿದ ವೇಳೆಗೆ ತಾನೂ ಪ್ರಾಣ ಬಿಡುವೆನೆಂಬ ಭಾಷೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ ನಿಂತಿರುವ ಸ್ತಂಭಶಾಸನವು ಎರಡನೆಯ ಬಲ್ಲಾಳನೊಡನೆ ಸತ್ತ ಕುವರ ಲಕ್ಷ್ಮನ ಕಥೆಯನ್ನು ಹೇಳುತ್ತದೆ. ಪಂಪನ ಕರ್ಣನು ತನ್ನ ಹುಟ್ಟಿನ ರಹಸ್ಯ ತಿಳಿದ ಮೇಲೆಯೂ ದುರ್ಯೋಧನನನ್ನು ಬಿಡದೆ ನಿಲ್ಲುವುದು ಇದೇ ನೀತಿಯ ಬಲದಿಂದ. ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನವನ್ನು ನಡೆಸಿದ ಚಿದಾನಂದಮೂರ್ತಿಯವರಂತಹ ವಿದ್ವಾಂಸರು ಈ ವಿಷಯದ ಮೇಲೆ ವಿಪುಲವಾದ ಸಾಮಗ್ರಿಯನ್ನು ನಮ್ಮ ಮುಂದಿಟ್ಟಿದ್ದಾರೆ. ಅದರ ಔನ್ನತ್ಯವನ್ನು ಅಲ್ಲಗಳೆಯುವ ಇಚ್ಛೆ ನಮಗಿಲ್ಲ. ಆದರೆ ಒಂದು ಅಂಶವನ್ನು ಗಮನಿಸಲೇಬೇಕು. ಈ ನೀತಿಯಲ್ಲಿ ಲೆಕ್ಕದ ಪುಸ್ತಕಕ್ಕೆ ಒಂದೇ ಪುಟ. ಉಂಡವನ ಸಾಲ ಅದರಲ್ಲಿ ಬರೆದಿದೆ. ಉಣಿಸಿದವನು ಉಂಡವನಿಗೆ ಏನು ಸಲ್ಲಿಸಬೇಕು, ಸಲ್ಲಿಸದಿದ್ದರೆ ಉಂಡವನು ಯಾರಲ್ಲಿ ದೂರಬೇಕು ಎಂಬುದಕ್ಕೆ ಪುಟವೇ ಇಲ್ಲ. ಒಡೆಯನ ಔದಾರ್ಯದ ವರ್ಣನೆ ನಮ್ಮ ಕಾವ್ಯಗಳಲ್ಲಿ ಯಥೇಷ್ಟವಾಗಿದೆ. ಔದಾರ್ಯವನ್ನು ಕೇಳಿ ಪಡೆಯಬಹುದು, ಅದಕ್ಕಾಗಿ ದಾವೆ ಹೂಡಲಾಗದು.

ಶಬ್ದಗಳ ಚರಿತ್ರೆಯೂ ಇದನ್ನೇ ಹೇಳುತ್ತದೆ. ‘ಜೀತ’ವೆಂಬುದು ‘ಜೀವಿತ’ದ ತದ್ಭವ; ಹಿಂದೆ ಅದಕ್ಕೆ ವೇತನ, ಸಂಬಳ ಎಂಬ ಗೌರವದ ಅರ್ಥವಿತ್ತು, ಕಿಟ್ಟೆಲರ ಕೋಶದಲ್ಲಿ ಅದನ್ನು ಇಂದಿಗೂ ನೋಡಬಹುದು. ಕಾಲಕ್ರಮದಲ್ಲಿ ಅದು ತೀರದ ಸಾಲಕ್ಕೆ ದುಡಿಯುವವನ ಬಂಧನವೆಂಬ ಅರ್ಥಕ್ಕೆ ಇಳಿಯಿತು. ವೇತನವೇ ಸಂಕೋಲೆಯಾದ ಈ ಅರ್ಥಾಪಕರ್ಷವು ಕೇವಲ ಭಾಷಾಶಾಸ್ತ್ರದ ಕುತೂಹಲವಲ್ಲ. ‘ಕೂಲಿ’ ಎಂಬ ಶಬ್ದವಂತೂ ಗುಜರಾತದಲ್ಲಿ ನೆಲೆಸಿದ ಕನ್ನಡಿಗನಿಗೆ ವಿಶೇಷ ಸ್ವಾರಸ್ಯದ್ದು. ಅದು ಇಲ್ಲಿಯ ಕೋಳಿ ಜನಾಂಗದ ಹೆಸರಿನಿಂದ ಬಂದಿತೆಂದು ಒಂದು ಪಕ್ಷ, ದುಡಿಮೆಯ ಪ್ರತಿಫಲವೆಂಬ ಅರ್ಥದ ದ್ರಾವಿಡ ಶಬ್ದವೇ ಅದೆಂದು ಇನ್ನೊಂದು ಪಕ್ಷ. ‘ಹಾಬ್ಸನ್-ಜಾಬ್ಸನ್’ ಕೋಶಕಾರರು ಎರಡನ್ನೂ ಚರ್ಚಿಸಿದ್ದಾರೆ. ಎರಡನೆಯ ಪಕ್ಷವನ್ನು ಒಪ್ಪಿದರೆ, ಹಣದ ಹೆಸರು ಮನುಷ್ಯನ ಹೆಸರಾದುದನ್ನು ನಾವು ಕಾಣುತ್ತೇವೆ.

ಇಲ್ಲಿ ವಚನಕಾರರನ್ನು ಮುಂದೊಡ್ಡಿ ಆಕ್ಷೇಪಿಸುವವರುಂಟು. ‘ಕಾಯಕ’ವೆಂಬ ಮಹಾತತ್ತ್ವವಿರುವಾಗ ನಮಗೆ ಕೊರತೆಯೇನೆಂದು ಕಾರ್ಮಿಕ ದಿನಾಚರಣೆಯ ವೇದಿಕೆಗಳಲ್ಲಿ ಪ್ರತಿ ವರ್ಷವೂ ಕೇಳಿಬರುತ್ತದೆ. ಗಂಡನು ಅಗತ್ಯಕ್ಕಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಹಿಂದಿರುಗಿಸುವಂತೆ ಹೇಳಿದ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ಎಲ್ಲರಿಗೂ ತಿಳಿದದ್ದು. ಆದರೆ ಕಾಯಕಜೀವಿಗಳಲ್ಲಿ ಬಹುಮಂದಿ ಸ್ವತಂತ್ರ ಕಸುಬುಗಾರರು: ಅಂಬಿಗ, ಮೇದಾರ, ಹಗ್ಗ ಹೊಸೆಯುವವನು. ಅವರ ಮೇಲೆ ಮೇಲಧಿಕಾರಿಯಿಲ್ಲ. ತನ್ನ ಆಸೆಗೆ ತಾನೇ ಮಿತಿ ಹಾಕಿಕೊಳ್ಳುವ ಲಕ್ಕಮ್ಮನ ಮಾತನ್ನು ಗಿರಣಿಯ ಮಾಲಕನು ತನ್ನ ನೇಕಾರನಿಗೆ ಬೋಧಿಸಿದರೆ ಅದರ ಅರ್ಥ ತಲೆಕೆಳಗಾಗುತ್ತದೆ. ಕಾಯಕ ತತ್ತ್ವಕ್ಕೆ ಹತ್ತಿರದ ಆಧುನಿಕ ನಿದರ್ಶನವನ್ನು ನಾವು ಅಹಮದಾಬಾದಿನಲ್ಲಿಯೇ ಕಾಣಬಹುದು. ಇಳಾ ಭಟ್ಟರು ೧೯೭೨ರಲ್ಲಿ ಸ್ವಯಂಉದ್ಯೋಗಿ ಮಹಿಳೆಯರ ‘ಸೇವಾ’ ಸಂಘವನ್ನು ನೋಂದಾಯಿಸಲು ಹೋದಾಗ, ಮಾಲಕನೇ ಇಲ್ಲದ ಮೇಲೆ ಕಾರ್ಮಿಕ ಸಂಘವೆಂತು ಎಂದು ಸರಕಾರದ ಇಲಾಖೆ ಮೊದಲು ನಿರಾಕರಿಸಿತ್ತು.

ಇನ್ನು ದೇಸಾಯಿಯವರ ಹೊತ್ತಗೆಗೆ ಬರೋಣ. ೧೯೧೭ರಲ್ಲಿ ಅಹಮದಾಬಾದಿಗೆ ಪ್ಲೇಗು ಬಂದಾಗ ಕೆಲಸಗಾರರು ಊರು ಬಿಟ್ಟು ಓಡದಿರಲೆಂದು ಗಿರಣಿಗಳವರು ಸಂಬಳದ ಮೇಲೆ ಭಾರಿ ಮೊತ್ತದ ‘ಪ್ಲೇಗು ಬೋನಸ್’ ಕೊಡತೊಡಗಿದರು; ಕೆಲವರಿಗೆ ಅದು ಸಂಬಳದ ಶೇಕಡಾ ೭೦-೮೦ರಷ್ಟಾಗುತ್ತಿತ್ತು. ಪ್ಲೇಗು ಇಳಿದ ಮೇಲೆ ೧೯೧೮ರ ಆರಂಭದಲ್ಲಿ ಅದನ್ನು ನಿಲ್ಲಿಸುವ ನಿರ್ಧಾರವಾಯಿತು. ಆದರೆ ಯುದ್ಧಕಾಲದ ಬೆಲೆಗಳು ಇಳಿದಿರಲಿಲ್ಲ. ನೇಕಾರರು ಶೇಕಡಾ ೫೦ರ ಹೆಚ್ಚಳವನ್ನು ಕೇಳಿದರು, ಮಾಲಕರು ೨೦ಕ್ಕೆ ನಿಂತರು. ಗಾಂಧೀಜಿ, ಅನಸೂಯಾಬೇನ್ ಸಾರಾಭಾಯಿ, ಶಂಕರಲಾಲ್ ಬ್ಯಾಂಕರ್ ಮೊದಲಾದವರು ವಿಚಾರಿಸಿ ೩೫ ನ್ಯಾಯವೆಂದು ಗೊತ್ತುಮಾಡಿದರು. ಫೆಬ್ರುವರಿ ೨೨ರಂದು ಗಿರಣಿಗಳ ಬಾಗಿಲು ಮುಚ್ಚಿತು. ಮಾಲಕರ ಮುಂದಾಳು ಅಂಬಾಲಾಲ ಸಾರಾಭಾಯಿ ಅನಸೂಯಾಬೇನ್ ಅವರ ಸ್ವಂತ ತಮ್ಮ. ಈ ಸಂಗತಿಯು ಕಥೆಗೆ ನಾಟಕೀಯತೆ ತಂದಿದೆಯಾದರೂ, ಬಹುಮಟ್ಟಿಗೆ ಓದುಗರ ಗಮನವನ್ನು ಅಡ್ಡದಾರಿಗೆ ಎಳೆದಿದೆಯೆಂದೇ ನಮ್ಮ ಅಭಿಪ್ರಾಯ.

ಆ ದಿನ ನೇಕಾರನ ಪಾಲಿಗೆ ಇದ್ದ ಕಾನೂನಾದರೂ ಯಾವುದು? ೧೮೫೯ರ ಕೆಲಸಗಾರರ ಕರಾರುಭಂಗ ಶಾಸನವು ಆಗ ಜಾರಿಯಲ್ಲಿತ್ತು. ಮುಂಗಡ ಪಡೆದ ಕೆಲಸಗಾರನು ಕೆಲಸ ಬಿಟ್ಟರೆ ಅವನನ್ನು ದಂಡಾಧಿಕಾರಿಯ ಮುಂದೆ ನಿಲ್ಲಿಸಿ ಶಿಕ್ಷಿಸಲು ಅದು ಅವಕಾಶ ಕೊಟ್ಟಿತ್ತು. ೧೯೨೫ರಲ್ಲಿ ಮಾತ್ರವೇ ಅದು ರದ್ದಾಯಿತು. ಕಾರ್ಮಿಕ ಸಂಘಗಳಿಗೆ ಮನ್ನಣೆಯಿತ್ತ ಶಾಸನ ಬಂದುದು ೧೯೨೬ರಲ್ಲಿ. ಕೆಲಸಗಾರನು ಬಿಟ್ಟುಹೋದರೆ ಅಪರಾಧ, ಮಾಲಕನು ಹೊರಗಟ್ಟಿದರೆ ಅದು ಅವನ ಇಚ್ಛೆ: ಜೋಳದ ಪಾಳಿಯ ಒಂದೇ ಪುಟದ ಲೆಕ್ಕವನ್ನು ಬ್ರಿಟಿಷರ ಶಾಸನವು ಕಾವ್ಯಗುಣವನ್ನು ತೆಗೆದುಹಾಕಿ ಅಚ್ಚುಮಾಡಿಕೊಂಡಿತ್ತು ಎನ್ನಬಹುದು.

ಹೊತ್ತಗೆಯಲ್ಲಿ ಸಾಹಿತ್ಯದೃಷ್ಟಿಯಿಂದ ಅತ್ಯಂತ ಮುಖ್ಯವಾದುವು ಗಾಂಧೀಜಿ ಬರೆದು ಅನಸೂಯಾಬೇನ್ ಅವರ ಹೆಸರಿನಲ್ಲಿ ಹಂಚಿದ ಕರಪತ್ರಗಳು. ಸಾಬರಮತಿಯ ದಡದಲ್ಲಿ ಜಾಲಿಮರದ ಕೆಳಗೆ ನೆರೆದವರಿಗೆ ಅವನ್ನು ಓದಿ ಹೇಳಲಾಗುತ್ತಿತ್ತು. ಅವುಗಳ ಗದ್ಯ ನಿರಾಭರಣವಾದುದು. ಭಾಷಣದ ಆವೇಶವಿಲ್ಲ, ಕೇಳಿಕೆ ಎಷ್ಟು, ಏಕೆ, ಎದುರು ಪಕ್ಷ ಏನು ಹೇಳುತ್ತಿದೆ, ಅದರಲ್ಲಿ ಎಷ್ಟು ಸತ್ಯವಿದೆ ಎಂಬ ವಿವರಣೆಯಿದೆ. ಎದುರಾಳಿಯ ವಾದವನ್ನು ನ್ಯಾಯವಾಗಿ ನಿರೂಪಿಸಿ ಅನಂತರ ಅದಕ್ಕೆ ಉತ್ತರ ಕೊಡುವುದು ನಮ್ಮ ಶಾಸ್ತ್ರಗ್ರಂಥಗಳ ಪೂರ್ವಪಕ್ಷ-ಸಿದ್ಧಾಂತ ಕ್ರಮ. ಅಕ್ಷರ ಬಾರದ ನೇಕಾರರ ಸಭೆಯಲ್ಲಿ ಆ ಕ್ರಮ ನಡೆದುದು ನಮ್ಮ ಗದ್ಯದ ಇತಿಹಾಸದಲ್ಲಿಯೇ ದೊಡ್ಡ ಸಂಗತಿ. ಕಾರಣವನ್ನು ಮುಂದಿಟ್ಟವನು ಕಾರಣವನ್ನು ಕೇಳಲೂ ಅಧಿಕಾರಿಯಾಗುತ್ತಾನೆ.

ಮಾರ್ಚ್ ೧೨ರಂದು ಮಾಲಕರು ಬಾಗಿಲು ತೆರೆದು, ಶೇಕಡಾ ೨೦ಕ್ಕೆ ಒಪ್ಪುವವರು ಬರಬಹುದೆಂದರು. ನೇಕಾರರ ಮನೋಬಲ ಕುಗ್ಗತೊಡಗಿತು. ಗಾಂಧೀಜಿಯೂ ಅನಸೂಯಾಬೇನ್‌ರೂ ಮೋಟಾರಿನಲ್ಲಿ ಬರುತ್ತಾರೆ, ಹೊಟ್ಟೆತುಂಬ ಉಣ್ಣುತ್ತಾರೆ, ಹಸಿವು ನಮಗೆ ಎಂಬರ್ಥದ ಮಾತು ಒಂದು ಚಾಳಿನಲ್ಲಿ ಕೇಳಿಬಂತು. ೧೫ರಂದು ಉಪವಾಸ, ೧೮ರಂದು ರಾಜಿ. ಈ ಉಪವಾಸವು ಮಾಲಕರ ಸ್ನೇಹದ ಮೇಲೆ ಒತ್ತಡ ತಂದುದರಿಂದ ದೋಷರಹಿತವಾಗಿರಲಿಲ್ಲವೆಂದು ಗಾಂಧೀಜಿಯವರೇ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ರಾಜಿಯ ಸೂತ್ರ ವಿಚಿತ್ರವಾದದ್ದು: ಮೊದಲ ದಿನ ಶೇಕಡಾ ೩೫, ನೇಕಾರರ ಪ್ರತಿಜ್ಞೆ ಉಳಿಯಲೆಂದು, ಎರಡನೆಯ ದಿನ ೨೦, ಮಾಲಕರ ಪ್ರತಿಜ್ಞೆ ಉಳಿಯಲೆಂದು, ಮೂರನೆಯ ದಿನದಿಂದ ಪಂಚರ ತೀರ್ಪಿನವರೆಗೆ ಇವೆರಡರ ನಡುವಣ ೨೭½. ಇದನ್ನು ನಗೆಗೀಡುಮಾಡುವುದು ಸುಲಭ. ಬ್ಯಾಂಕಿನಲ್ಲಿ ಬಡ್ಡಿಯ ಲೆಕ್ಕ ನೋಡಿ ಪಳಗಿದ ನಮಗೂ ಮೊದಲ ಓದಿನಲ್ಲಿ ನಗೆ ಬಂದುದುಂಟು. ಆದರೆ ಹಿರಿದಾದುದು ಅಡಗಿರುವುದು ಮೂರನೆಯ ದಿನದಲ್ಲಿ. ಅಂದಿನಿಂದ ಮೊತ್ತವನ್ನು ಹೇಳುವ ಅಧಿಕಾರ ಮಾಲಕನ ಕೈಯಿಂದಲೂ ನೇಕಾರನ ಕೈಯಿಂದಲೂ ಜಾರಿ ಮೂರನೆಯವನ ಬಳಿಗೆ ಹೋಯಿತು.

ಆ ಮೂರನೆಯವನು ಯಾರು? ಆನಂದಶಂಕರ ಬಾಪುಭಾಯಿ ಧ್ರುವ. ಗುಜರಾತ ಕಾಲೇಜಿನ ಸಂಸ್ಕೃತ ಪ್ರಾಧ್ಯಾಪಕ, ‘ವಸಂತ’ ಮಾಸಪತ್ರಿಕೆಯ ಸಂಪಾದಕ, ಮುಂದೆ ಕಾಶಿ ಹಿಂದೂ ವಿಶ್ವವಿದ್ಯಾಲಯದ ಉಪಕುಲಪತಿಗಳ ಸಹಾಯಕ ಪದವಿಗೇರಿದ ವಿದ್ವಾಂಸ, ಗುಜರಾತಿಯ ಅಗ್ರಗಣ್ಯ ಸಾಹಿತ್ಯ ವಿಮರ್ಶಕ! ನಮ್ಮ ದೇಶದ ಕೈಗಾರಿಕಾ ಪಂಚಾಯತಿಯ ಇತಿಹಾಸದ ಆರಂಭದಲ್ಲಿಯೇ ಒಬ್ಬ ಕಾವ್ಯಮೀಮಾಂಸಕನು ಕುಳಿತಿದ್ದಾನೆ. ೧೯೧೮ರ ಆಗಸ್ಟಿನಲ್ಲಿ ಅವರು ಕೊಟ್ಟ ತೀರ್ಪು ಶೇಕಡಾ ೩೫ನ್ನೇ ಎತ್ತಿಹಿಡಿಯಿತು. ಮಾತಿನ ಹಿಂದಿನ ಅರ್ಥವನ್ನು ಹುಡುಕುವ ವಿದ್ಯೆಗೂ ಕೆಲಸಗಾರನ ರಕ್ಷಣೆಗೂ ಸಂಬಂಧವಿದೆಯೆಂಬುದನ್ನು ಮುಂದೆ ಕಾಣುವೆವು.

ಹೊತ್ತಗೆಯ ಕೊರತೆಗಳನ್ನೂ ಹೇಳಬೇಕು. ಅದರಲ್ಲಿ ನೇಕಾರರಿದ್ದಾರೆ, ನೇಕಾರನಿಲ್ಲ. ಚಾಳಿನ ಆ ಕಟುಮಾತೊಂದನ್ನು ಬಿಟ್ಟರೆ ಕೆಲಸಗಾರನ ಸ್ವಂತ ಧ್ವನಿ ನಮ್ಮ ಕಿವಿಗೆ ಬೀಳುವುದು ಅಪೂರ್ವ. ಸಾವಿರಾರು ಮಂದಿಯ ಸಮೂಹಕ್ಕೆ ಪಂಚರು ದೊರೆತರು. ಆದರೆ ಒಬ್ಬಂಟಿ ನೇಕಾರನನ್ನು ಮೇಸ್ತ್ರಿಯು ದ್ವೇಷದಿಂದ ಹೊರದೂಡಿದರೆ ಅವನ ಗತಿಯೇನು ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಇದು ದೇಸಾಯಿಯವರೊಬ್ಬರ ಕೊರತೆಯಲ್ಲ. ಕಾನೂನಿಗೆ ಕೂಡ ಆ ಒಬ್ಬಂಟಿಯು ಬಹುಕಾಲ ಕಾಣಿಸಲಿಲ್ಲ. ೧೯೪೭ರ ಕೈಗಾರಿಕಾ ವಿವಾದಗಳ ಶಾಸನದಲ್ಲಿ, ಸಂಘವೋ ಸಹೋದ್ಯೋಗಿಗಳೋ ಎತ್ತಿಕೊಳ್ಳದ ಹೊರತು ಒಬ್ಬನ ವಜಾ ‘ವಿವಾದ’ವೆನಿಸುತ್ತಿರಲಿಲ್ಲ, ೧೯೬೫ರ ತಿದ್ದುಪಡಿಯು ಅವನಿಗೆ ಬಾಗಿಲು ತೆರೆಯಿತು. ವಿಧಿಸಿದ ಶಿಕ್ಷೆ ತಪ್ಪಿಗೆ ತಕ್ಕುದೆ ಎಂದು ನ್ಯಾಯಮಂಡಲಿಯೇ ತೂಗಿ ನೋಡುವ ಅಧಿಕಾರ ಬಂದುದು ೧೯೭೧ರಲ್ಲಿ.

೧೯೨೦ರಲ್ಲಿ ಮಜೂರ್ ಮಹಾಜನ ಸಂಘವು ಸ್ಥಾಪನೆಯಾದುದೂ, ಅದರ ಕಾರ್ಯದರ್ಶಿಯಾಗಿದ್ದ ಗುಲ್ಜಾರಿಲಾಲ್ ನಂದಾ ಮುಂದೆ ಮುಂಬಯಿ ಪ್ರಾಂತದ ಕಾರ್ಮಿಕ ಮಂತ್ರಿಯಾದುದೂ, ಪಂಚಾಯತಿಯ ತತ್ತ್ವವು ೧೯೩೮ ಮತ್ತು ೧೯೪೬ರ ಮುಂಬಯಿ ಶಾಸನಗಳಲ್ಲಿ ನೆಲೆಗೊಂಡುದೂ ಪ್ರಸಿದ್ಧವಾಗಿರುವುದರಿಂದ ವಿಸ್ತರಿಸುವುದಿಲ್ಲ. ಕನ್ನಡಿಗರು ಮರೆಯುವ ಒಂದು ಅಂಶವನ್ನು ಮಾತ್ರ ಹೇಳಬೇಕು. ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳು ೧೯೫೬ರ ವರೆಗೆ ಮುಂಬಯಿ ರಾಜ್ಯಕ್ಕೆ ಸೇರಿದ್ದುವು. ಸಾಬರಮತಿಯ ದಡದಲ್ಲಿ ಬೀಜವಾದ ನ್ಯಾಯವು ಗೋಕಾಕದ ಮತ್ತು ಹುಬ್ಬಳ್ಳಿಯ ಗಿರಣಿ ಕೆಲಸಗಾರನ ನ್ಯಾಯವೂ ಆಗಿತ್ತು.

ಅಹಮದಾಬಾದಿನ ಹೋರಾಟಕ್ಕೆ ಐದು ತಿಂಗಳ ಮೊದಲು, ಅಲ್ಲಿಂದ ನೂರು ಕಿಲೋಮೀಟರಿಗೆ ತುಸು ಮಿಕ್ಕ ದೂರದ ಬಡೋದೆಯಲ್ಲಿ ಇನ್ನೊಂದು ಘಟನೆ ನಡೆದಿತ್ತು. ನ್ಯೂಯಾರ್ಕಿನಲ್ಲಿಯೂ ಲಂಡನ್ನಿನಲ್ಲಿಯೂ ಓದಿದ ಭೀಮರಾವ್ ಅಂಬೇಡಕರರು ೧೯೧೭ರ ಸೆಪ್ಟೆಂಬರದಲ್ಲಿ ಅಲ್ಲಿಯ ಸಂಸ್ಥಾನದ ಸೇವೆಗೆ ಸೇರಿದರು. ವಿದ್ಯಾರ್ಥಿವೇತನಕ್ಕೆ ಪ್ರತಿಯಾಗಿ ಹತ್ತು ವರ್ಷ ಸೇವೆ ಸಲ್ಲಿಸುವೆನೆಂದು ಅವರು ಕರಾರು ಬರೆದುಕೊಟ್ಟಿದ್ದರು. ಜೋಳದ ಪಾಳಿ ಇಲ್ಲಿ ಸ್ಟಾಂಪು ಕಾಗದದ ರೂಪ ತಾಳಿತ್ತು. ಕಚೇರಿಯ ಜವಾನರು ಕಡತಗಳನ್ನು ದೂರದಿಂದ ಎಸೆಯುತ್ತಿದ್ದರೆಂದು ಅವರ ಚರಿತ್ರಕಾರರು ಬರೆದಿದ್ದಾರೆ. ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಅವರ ಸ್ವಂತ ಬರಹ ಪುಸ್ತಕವಾಗಿ ಹೊರಬಂದುದು ೧೯೯೦ರಲ್ಲಿ. ಅದರಲ್ಲಿ ಅವರು ಹೆಚ್ಚಾಗಿ ಹೇಳುವುದು ವಸತಿಯ ಸಂಕಟವನ್ನು: ಪಾರ್ಸಿ ಹೆಸರಿನಲ್ಲಿ ಪಾರ್ಸಿಗಳ ವಸತಿಗೃಹ ಸೇರಿದುದು, ಹನ್ನೊಂದನೆಯ ದಿನ ದೊಣ್ಣೆ ಹಿಡಿದು ಬಂದವರು ಸಂಜೆಯೊಳಗೆ ತೊಲಗೆಂದುದು, ಸಾರ್ವಜನಿಕ ಉದ್ಯಾನದಲ್ಲಿ ಕುಳಿತು ಮುಂಬಯಿಯ ರೈಲಿಗಾಗಿ ಕಾದುದು. ಸರಕಾರಿ ಬಂಗಲೆಗಾಗಿ ಅವರು ಕೊಟ್ಟ ಅರ್ಜಿಯು ಅಧಿಕಾರಿಯಿಂದ ಅಧಿಕಾರಿಗೆ ಸಾಗುತ್ತಲೇ ಇತ್ತು, ಉತ್ತರ ಬರುವುದರೊಳಗೆ ಆ ದಿನ ಬಂದೇಬಿಟ್ಟಿತು. ಕಡತಗಳ ನಡುವೆ ಬದುಕುವ ನಮ್ಮಂಥವರನ್ನು ಚುಚ್ಚುವ ವಾಕ್ಯ ಆ ಬರಹದಲ್ಲಿ ಇದೇ. ಅರ್ಜಿಯನ್ನು ಯಾರೂ ತಿರಸ್ಕರಿಸಲಿಲ್ಲ. ತಿರಸ್ಕರಿಸಿದ್ದರೆ ಕಾರಣ ಬರೆಯಬೇಕಾಗುತ್ತಿತ್ತು.

ಅಂಬೇಡಕರರು ೧೯೪೨ರಿಂದ ೧೯೪೬ರ ವರೆಗೆ ವೈಸರಾಯರ ಮಂಡಲಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದರು. ಆ ಅವಧಿಯ ಕೊನೆಯಲ್ಲಿ, ೧೯೪೬ರ ಏಪ್ರಿಲಿನಲ್ಲಿ, ಕೈಗಾರಿಕಾ ಉದ್ಯೋಗ ಸ್ಥಾಯೀ ಆದೇಶಗಳ ಶಾಸನ ಜಾರಿಗೆ ಬಂದಿತು. ಕೆಲಸದ ನಿಬಂಧನೆಗಳನ್ನು ಮಾಲಕನು ಬರೆದು ಪ್ರಮಾಣೀಕರಿಸಿಕೊಳ್ಳಬೇಕೆಂದು ಅದು ವಿಧಿಸಿತು. ಏನೇನನ್ನು ಬರೆಯಬೇಕೆಂಬ ಅದರ ಅನುಸೂಚಿಯಲ್ಲಿ, ಮಾಲಕನಿಂದಾಗಲಿ ಅವನ ಕೈಕೆಳಗಿನವರಿಂದಾಗಲಿ ಆಗುವ ಅನ್ಯಾಯದ ನಡತೆಗೆ ಪರಿಹಾರವೇನೆಂಬುದೂ ಒಂದು ವಿಷಯವಾಗಿತ್ತು. ‘ಕೈಕೆಳಗಿನವರಿಂದ’ ಎಂಬ ಶಬ್ದವನ್ನು ಬಡೋದೆಯ ಕಚೇರಿಯನ್ನು ನೆನೆಯದೆ ಓದುವುದು ನಮಗೆ ಸಾಧ್ಯವಾಗಿಲ್ಲ.

೧೯೭೯ನೆಯ ಇಸವಿ ನಮ್ಮ ವಿಷಯಕ್ಕೆ ಎರಡು ಗ್ರಂಥಗಳನ್ನು ಕೊಟ್ಟಿತು. ಒಂದು ಸುಪ್ರೀಮ್ ಕೋರ್ಟಿನ ತೀರ್ಪು, ಇನ್ನೊಂದು ಕನ್ನಡ ಕಾದಂಬರಿ. ಅಹಮದಾಬಾದಿನ ಹೊರವಲಯದ ಗುಜರಾತ ಸ್ಟೀಲ್ ಟ್ಯೂಬ್ಸ್ ಕಾರಖಾನೆಯಲ್ಲಿ ೧೯೭೩ರ ಮುಷ್ಕರದ ತರುವಾಯ ಎಂಟುನೂರಕ್ಕೂ ಮಿಕ್ಕ ಕೆಲಸಗಾರರನ್ನು ಬಿಡುಗಡೆ ಮಾಡಲಾಗಿತ್ತು. ಆದೇಶದ ಮಾತು ಸೌಮ್ಯವಾದುದು. ‘ವಜಾ’ ಎಂಬ ಶಬ್ದವಿಲ್ಲ, ಸೇವೆಯಿಂದ ಸರಳ ಬಿಡುಗಡೆ ಮಾತ್ರ. ವಜ ಎಂದಿದ್ದರೆ ವಿಚಾರಣೆ ನಡೆಸಬೇಕಿತ್ತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದ ಬಹುಮತದ ತೀರ್ಪು ಆದೇಶದ ರೂಪವನ್ನು ಕಡೆಗಣಿಸಿ ತಿರುಳನ್ನು ನೋಡಬೇಕೆಂದಿತು. ಬಿಡುಗಡೆಯೆಂಬ ತೆರೆಯ ಹಿಂದೆ ಶಿಕ್ಷೆಯಿದೆಯೆಂದು ಕಂಡು ಕೆಲಸಗಾರರನ್ನು ಮರಳಿ ಸೇರಿಸಿಕೊಳ್ಳಬೇಕೆಂಬ ಹೈಕೋರ್ಟಿನ ನಿರ್ಣಯವನ್ನು ಮುಖ್ಯಾಂಶದಲ್ಲಿ ಎತ್ತಿಹಿಡಿಯಿತು. ಮೂವರಲ್ಲಿ ಒಬ್ಬರು ಭಿನ್ನಮತ ಬರೆದರು. ಕೃಷ್ಣ ಅಯ್ಯರ್‌ ಅವರ ಇಂಗ್ಲಿಷಿನ ಶಬ್ದಾಡಂಬರ ನಮಗೆ ಅಷ್ಟಾಗಿ ರುಚಿಸದು. ಆದರೆ ಅವರು ಮಾಡಿದುದು ಧ್ವನಿವಿಚಾರವೇ. ವಾಚ್ಯಾರ್ಥವು ಬಾಧಿತವಾದಾಗ ಲಕ್ಷ್ಯಾರ್ಥಕ್ಕೂ, ಅದರಾಚೆಗೆ ವ್ಯಂಗ್ಯಾರ್ಥಕ್ಕೂ ಹೋಗಬೇಕೆಂದು ಆಲಂಕಾರಿಕರು ಕಲಿಸಿದ್ದನ್ನು ನ್ಯಾಯಾಲಯವು ಸಿಬ್ಬಂದಿ ವಿಭಾಗದ ಪತ್ರಕ್ಕೆ ಅನ್ವಯಿಸಿತು. ಧ್ರುವರು ಕುಳಿತ ಪೀಠಕ್ಕೆ ಇದು ಯೋಗ್ಯವಾದ ಉತ್ತರಾಧಿಕಾರ.

ಅದೇ ವರ್ಷ ಹೊರಬಂದುದು ಯಶವಂತ ಚಿತ್ತಾಲರ ‘ಶಿಕಾರಿ’. ಹನೇಹಳ್ಳಿಯಿಂದ ಮುಂಬಯಿಗೆ ಬಂದು ದೊಡ್ಡ ರಾಸಾಯನಿಕ ಕಂಪನಿಯಲ್ಲಿ ಮೇಲೇರಿದ ನಾಗಪ್ಪನು ಅಮಾನತುಗೊಳ್ಳುತ್ತಾನೆ. ತನ್ನ ಮೇಲಿನ ಆರೋಪವೇನೆಂಬುದು ಅವನಿಗೆ ಸ್ಪಷ್ಟವಾಗುವುದಿಲ್ಲ. ಈ ಕೃತಿಯನ್ನು ಕುರಿತು ಬರೆಯುವವರು ಕಾಫ್ಕಾನ ಹೆಸರನ್ನೆತ್ತುವುದು ರೂಢಿಯಾಗಿದೆ. ಇದು ಕಾದಂಬರಿಗೆ ಮಾಡುವ ಗೌರವದಂತೆ ತೋರಿದರೂ ಅದರ ಮೊನೆಯನ್ನು ಮೊಂಡಾಗಿಸುತ್ತದೆ. ನಾಗಪ್ಪನ ಭೀತಿಯನ್ನು ಅಸ್ತಿತ್ವದ ಸಾರ್ವಕಾಲಿಕ ಸಂಕಟವೆಂದ ಕೂಡಲೆ ಅದಕ್ಕೆ ಪರಿಹಾರವಿಲ್ಲವೆಂದಾಗುತ್ತದೆ, ಹೊಣೆಗಾರರೂ ಇಲ್ಲವಾಗುತ್ತಾರೆ. ಅಮಾನತಿನ ಆದೇಶಗಳನ್ನೂ ಆರೋಪಪತ್ರಗಳನ್ನೂ ಓದುವ ಕೆಲಸ ಬಿದ್ದವನಿಗೆ ‘ಶಿಕಾರಿ’ಯು ವಾಸ್ತವ ಕಾದಂಬರಿಯಾಗಿಯೇ ಕಾಣುತ್ತದೆ. ‘ಸಂಸ್ಥೆಯ ಹಿತಕ್ಕೆ ಬಾಧಕವಾದ ನಡತೆ’ ಎಂಬಂತಹ, ಯಾವ ದಿನ ಯಾವ ಕೃತ್ಯವೆಂದು ಹೇಳದ ವಾಕ್ಯವು ಓದುವವನ ನಿದ್ರೆಯನ್ನು ಹೇಗೆ ಕೆಡಿಸಬಲ್ಲುದೆಂಬುದನ್ನು ಚಿತ್ತಾಲರು ಬಲ್ಲರು. ಅವರೂ ಮುಂಬಯಿಯಲ್ಲಿ ಅಂತಹದೇ ಉದ್ಯಮದಲ್ಲಿ ದುಡಿದವರು. ಆರೋಪ ತಿಳಿಯದಿದ್ದಾಗ ಮನುಷ್ಯನು ತನ್ನ ಇಡೀ ಬಾಳನ್ನೇ ಆರೋಪಪತ್ರವಾಗಿ ಓದಿಕೊಳ್ಳಲು ತೊಡಗುತ್ತಾನೆ. ನಾಗಪ್ಪನ ಬಾಲ್ಯದ ನೆನಪುಗಳೆಲ್ಲ ಕಾದಂಬರಿಯೊಳಕ್ಕೆ ನುಗ್ಗಿ ಬರುವುದಕ್ಕೆ ಇದಕ್ಕಿಂತ ಬೇರೆ ಕಾರಣವನ್ನು ಹುಡುಕಬೇಕಾಗಿಲ್ಲ.

ಇನ್ನೊಂದು ಮಾತು. ಉಕ್ಕಿನ ಕೊಳವೆಯ ಕೆಲಸಗಾರನಿಗೆ ದೊರೆತ ನ್ಯಾಯಪೀಠವು ನಾಗಪ್ಪನಿಗೆ ದೊರೆಯಲಾರದು; ಆತ ಉನ್ನತ ಅಧಿಕಾರಿ, ಕಾನೂನಿನ ಅರ್ಥದಲ್ಲಿ ‘ಕೆಲಸಗಾರ’ನಲ್ಲ. ೧೯೪೭ರ ಶಾಸನದಲ್ಲಿಯೂ ಹಾಗೆಯೇ ಇತ್ತು. ಅದನ್ನು ರದ್ದುಗೊಳಿಸಿ ೨೦೨೫ರ ನವೆಂಬರ ೨೧ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿಯೂ ಆಡಳಿತಾಧಿಕಾರಿಗಳೂ, ತಿಂಗಳಿಗೆ ೧೮,೦೦೦ ರೂಪಾಯಿಗೆ ಮೇಲ್ಪಟ್ಟ ವೇತನದ ಮೇಲ್ವಿಚಾರಕರೂ ಹೊರಗೆ. ೨೦೧೯ರ ಏಪ್ರಿಲ್ ೧ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಗಿ, ಮಂಗಳೂರಿನಲ್ಲಿ ಹುಟ್ಟಿದ ಸಂಸ್ಥೆಯ ಬಾಳು ವಡೋದರೆಯಲ್ಲಿ ಹುಟ್ಟಿದ ಸಂಸ್ಥೆಯೊಡನೆ ಬೆರೆಯಿತು. ಅಂದಿನಿಂದ ಈ ಊರುಗಳ ಶಾಖೆಗಳಲ್ಲಿ ಕನ್ನಡ ಮಾತು ಮೊದಲಿಗಿಂತ ಹೆಚ್ಚು ಕೇಳಿಬರುತ್ತಿದೆಯೆಂಬುದು ನಮ್ಮ ಅನುಭವ. ನಮ್ಮಲ್ಲಿ ಅಧಿಕಾರಿವರ್ಗದವರೇ ಹಲವರಾಗಿರುವುದರಿಂದ ನಾಗಪ್ಪನು ನಮಗೆ ದೂರದವನಲ್ಲ. ಸಾರ್ವಜನಿಕ ರಂಗದ ಬ್ಯಾಂಕಿನ ಅಧಿಕಾರಿಗೆ ಶಿಸ್ತಿನ ನಿಯಮಾವಳಿಯೂ ಹೈಕೋರ್ಟಿನ ರಿಟ್ ಅಧಿಕಾರವೂ ಉಂಟು. ಖಾಸಗಿ ಕಂಪನಿಯ ನಾಗಪ್ಪನಿಗೆ ಕರಾರಿನ ಆಧಾರದ ಸಿವಿಲ್ ದಾವೆಯೊಂದೇ ಗತಿ.

ಪದಗಳ ಓದು ಎರಡೂ ಕಡೆಗೆ ನಡೆಯಬಲ್ಲುದೆಂಬುದನ್ನು ಮರೆಯಬಾರದು. ಸುಂದರ ಮಣಿ ಎಂಬ ನೌಕರನ ಪ್ರಕರಣದಲ್ಲಿ, ನೇಮಕದ ಪತ್ರದಲ್ಲಿಯೇ ಕೊನೆಯ ದಿನವನ್ನು ಬರೆದಿದ್ದರೂ ಕೆಲಸದಿಂದ ಕಳೆಯುವುದು ಕಳೆಯುವುದೇ ಎಂದು ಸುಪ್ರೀಮ್ ಕೋರ್ಟು ಸ್ಟೇಟ್ ಬ್ಯಾಂಕಿನ ವಿರುದ್ಧ ೧೯೭೬ರಲ್ಲಿ ಹೇಳಿತ್ತು. ೧೯೮೪ರಲ್ಲಿ ಸಂಸತ್ತು ಒಂದು ಉಪವಾಕ್ಯವನ್ನು ಸೇರಿಸಿ ಅಂತಹ ಪತ್ರಗಳನ್ನು ವ್ಯಾಖ್ಯೆಯಿಂದಲೇ ಹೊರಗಿಟ್ಟಿತು. ಹೊಸ ಸಂಹಿತೆಯಲ್ಲಿ ನಿಗದಿತ ಅವಧಿಯ ನೇಮಕಕ್ಕೆ ರಾಜಮಾರ್ಗವೇ ದೊರೆತಿದೆ. ಅದಕ್ಕೆ ವಿರುದ್ಧವಾದ ಉದಾಹರಣೆಯೂ ಗುಜರಾತದ್ದೇ: ೨೦೨೦ರ ಏಪ್ರಿಲ್ ೧೭ರಂದು ರಾಜ್ಯ ಸರಕಾರವು ಮಹಾಮಾರಿಯನ್ನು ‘ಸಾರ್ವಜನಿಕ ತುರ್ತುಸ್ಥಿತಿ’ಯೆಂದು ಕರೆದು, ಕಾರಖಾನೆಗಳಲ್ಲಿ ದಿನಕ್ಕೆ ಹನ್ನೆರಡು ಗಂಟೆಗಳ ದುಡಿಮೆಗೆ, ಹೆಚ್ಚಿನ ಹೊತ್ತಿಗೆ ಇಮ್ಮಡಿ ವೇತನವಿಲ್ಲದೆ, ಅನುಮತಿಯಿತ್ತಿತ್ತು. ಅಕ್ಟೋಬರ ೧ರಂದು ಗುಜರಾತ ಮಜ್ದೂರ್ ಸಭಾದ ದಾವೆಯಲ್ಲಿ ಸುಪ್ರೀಮ್ ಕೋರ್ಟು ಆ ಶಬ್ದದ ಅರ್ಥವನ್ನು ಬಿಡಿಸಿ ನೋಡಿ, ಯುದ್ಧವಾಗಲಿ ಆಂತರಿಕ ಕ್ಷೋಭೆಯಾಗಲಿ ದೇಶದ ಭದ್ರತೆಗೆ ಅಪಾಯ ತರದಿರುವಲ್ಲಿ ಅದು ಸಲ್ಲದೆಂದು ಅಧಿಸೂಚನೆಗಳನ್ನು ರದ್ದುಗೊಳಿಸಿತು.

ಇಷ್ಟೆಲ್ಲ ಓದುವ ವಿದ್ಯೆಗೂ ಒಂದು ಪೂರ್ವಾಪೇಕ್ಷೆಯಿದೆ: ಓದಲು ಕಾಗದವಿರಬೇಕು. ಮಹಾದೇವ ದೇಸಾಯಿಯವರು ಹುಟ್ಟಿದುದು ೧೮೯೨ರಲ್ಲಿ, ಸೂರತ ಜಿಲ್ಲೆಯ ಸರಸ ಗ್ರಾಮದಲ್ಲಿ. ಗಾಂಧೀಜಿಯವರನ್ನು ಸೇರುವ ಮೊದಲು ಅವರು ಮುಂಬಯಿಯ ಸಹಕಾರೀ ಬ್ಯಾಂಕೊಂದರ ತನಿಖಾಧಿಕಾರಿಯಾಗಿದ್ದರೆಂಬುದು ನಮ್ಮ ವೃತ್ತಿಬಾಂಧವರಿಗೆ ಹೆಮ್ಮೆಯ ಸಂಗತಿ. ಅವರ ಜಿಲ್ಲೆ ಇಂದು ವಿದ್ಯುನ್ಮಗ್ಗಗಳ ಜಿಲ್ಲೆ. ಅಲ್ಲಿಯ ಮಗ್ಗಗಳಲ್ಲಿ ಒಡಿಶಾದ ಗಂಜಾಂ ಜಿಲ್ಲೆಯಿಂದ ಬಂದವರು ಬಹುಸಂಖ್ಯೆಯಲ್ಲಿದ್ದಾರೆ. ಹಗಲು-ರಾತ್ರಿಯ ಎರಡು ಪಾಳಿ, ಒಂದೊಂದೂ ಹನ್ನೆರಡು ಗಂಟೆಯದು. ಕೂಲಿ ಮೀಟರಿನ ಲೆಕ್ಕದಲ್ಲಿ. ಯಾನ್ ಬ್ರೆಮನ್ ಎಂಬ ಡಚ್ ಸಮಾಜಶಾಸ್ತ್ರಜ್ಞರು ದಕ್ಷಿಣ ಗುಜರಾತದ ದುಡಿಮೆಗಾರರ ನಡುವೆ ದಶಕಗಳ ಕಾಲ ಅಲೆದು ಬರೆದ ಗ್ರಂಥಗಳಲ್ಲಿ, ವಿಶೇಷವಾಗಿ ೧೯೯೬ರ ‘ಫುಟ್‌ಲೂಸ್ ಲೇಬರ್’ದಲ್ಲಿ, ಈ ಲೋಕದ ಸ್ವರೂಪ ಕಾಣುತ್ತದೆ. ಇಲ್ಲಿ ಮಗ್ಗದವನನ್ನು ತೆಗೆಯಲು ಆದೇಶ ಬೇಕಾಗಿಲ್ಲ. ನಾಳೆಯಿಂದ ಬರಬೇಡವೆಂದರೆ ಮುಗಿಯಿತು. ರೂಪವೂ ಇಲ್ಲ, ತಿರುಳೂ ಇಲ್ಲ. ಕೃಷ್ಣ ಅಯ್ಯರರ ಧ್ವನಿವಿಚಾರಕ್ಕೆ ಇಲ್ಲಿ ಪಠ್ಯವೇ ಲಭ್ಯವಿಲ್ಲ. ಕಾನೂನಿನ ಲೆಕ್ಕದಲ್ಲಿ ಕಾರಖಾನೆ ಎನಿಸದಂತೆ ಒಂದೇ ಛಾವಣಿಯ ಮಗ್ಗಗಳನ್ನು ಬೇರೆ ಬೇರೆ ಹೆಸರುಗಳಲ್ಲಿ ಹಂಚಿ ನಡೆಸುವ ಪದ್ಧತಿಯೂ ಉಂಟು.

ಆದುದರಿಂದ ಹೊಸ ಸಂಹಿತೆಗಳಲ್ಲಿ ನಮಗೆ ಎಲ್ಲಕ್ಕಿಂತ ಮಹತ್ತ್ವದ್ದಾಗಿ ತೋರುವುದು, ಹೆಚ್ಚು ಚರ್ಚೆಗೆ ಬಾರದ ಒಂದು ಸಣ್ಣ ವಿಧಿ. ವೃತ್ತಿ ಸುರಕ್ಷತೆಯ ಸಂಹಿತೆಯು ಪ್ರತಿಯೊಬ್ಬ ನೌಕರನಿಗೂ ನೇಮಕಪತ್ರ ಕೊಡಬೇಕೆನ್ನುತ್ತದೆ. ಆದರೆ ಸಂಹಿತೆ ಅನ್ವಯಿಸುವುದು ಸಾಮಾನ್ಯವಾಗಿ ಹತ್ತು ಮಂದಿ ಕೆಲಸಗಾರರಿರುವ ಸಂಸ್ಥೆಗೆ; ವಿದ್ಯುತ್ ಬಳಸುವ ‘ಕಾರಖಾನೆ’ ಎನಿಸಲು ಹಿಂದೆ ಹತ್ತು ಮಂದಿ ಸಾಕಾಗಿದ್ದುದು ಈಗ ಇಪ್ಪತ್ತಾಗಿದೆ. ಸ್ಥಾಯೀ ಆದೇಶಗಳನ್ನು ಬರೆಯಬೇಕಾದ ಸಂಸ್ಥೆಗಳ ಮಿತಿಯು ಮೂಲ ಶಾಸನದ ನೂರರಿಂದ ಮುನ್ನೂರಕ್ಕೆ ಏರಿದೆ. ಹತ್ತಕ್ಕೆ ಒಬ್ಬ ಕಡಿಮೆಯಿರುವಂತೆ ಹೆಸರುಪಟ್ಟಿ ಬರೆಯುವುದು ಸೂರತದ ಗುಮಾಸ್ತನಿಗೆ ಕಷ್ಟದ ಕೆಲಸವೇನಲ್ಲ.

ಪತ್ರ ದೊರೆತರೂ ಅದು ಯಾವ ಭಾಷೆಯಲ್ಲಿರಬೇಕು? ೧೯೪೬ರ ಶಾಸನವು ಈ ಪ್ರಶ್ನೆಯನ್ನು ಮರೆತಿರಲಿಲ್ಲ. ಪ್ರಮಾಣೀಕೃತ ಆದೇಶಗಳನ್ನು ಇಂಗ್ಲಿಷಿನಲ್ಲಿಯೂ, ಕೆಲಸಗಾರರಲ್ಲಿ ಹೆಚ್ಚಿನವರಿಗೆ ತಿಳಿಯುವ ಭಾಷೆಯಲ್ಲಿಯೂ ಬರೆದು, ಅವರು ಒಳಬರುವ ಬಾಗಿಲಿನ ಬಳಿ ಹಲಗೆಗೆ ಹಚ್ಚಬೇಕೆಂದು ಅದರ ಒಂಬತ್ತನೆಯ ವಿಧಿ ಹೇಳಿತ್ತು. ಆ ವಿಧಿಯನ್ನು ಅಕ್ಷರಶಃ ಅನ್ವಯಿಸಿದರೆ ಸೂರತದ ಎಷ್ಟೋ ಮಗ್ಗದ ಮನೆಗಳ ಬಾಗಿಲಿನಲ್ಲಿ ಇಂದು ತೂಗಬೇಕಾದುದು ಒಡಿಯಾ ಲಿಪಿಯ ಹಲಗೆ.